ಹೆಬ್ಬೆರಳಿನ ಜಾಗ

ಹೊಳೆ ಮೂರು ಬದಿಯಿಂದ ತಬ್ಬಿಕೊಂಡ ಊರು ಅದು. ನಾಲ್ಕನೆಯ ಬದಿಗೆ ಸುಣ್ಣದ ಕಲ್ಲಿನ ಗುಡ್ಡ. ಆ ಊರಿನಲ್ಲಿ ಮನೆಗೊಂದು ಕೋವಿ ಇತ್ತು. ಒಲೆ ಇಲ್ಲದ ಮನೆಯನ್ನಾದರೂ ಯಾರೋ ಕಂಡಿರಬಹುದು, ಕೋವಿ ಇಲ್ಲದ ಮನೆಯನ್ನು ಕಂಡವರಿರಲಿಲ್ಲ. ಯಾವ ಕಾಲದಲ್ಲಿ, ಯಾರ ಮೇಲೆ ಹಾರಿಸಲೆಂದು ಅವನ್ನು ಮಾಡಿಸಿದರೋ ಯಾರಿಗೂ ನೆನಪಿಲ್ಲ. ನೆನಪಿರುವ ಮಟ್ಟಿಗೆ ಅವುಗಳಿಂದ ಒಂದು ಗುಬ್ಬಿಯೂ ಸತ್ತಿರಲಿಲ್ಲ. ಮನೆಯಲ್ಲಿ ಮಗು ಹುಟ್ಟಿದಾಗ ಗುಂಡು ಹಾಕದೆ ಬರೀ ಮದ್ದು ತುಂಬಿ, ನಳಿಗೆಯನ್ನು ಆಕಾಶಕ್ಕೆ ಎತ್ತಿ ಒಂದು ಸಲ ಹಾರಿಸುತ್ತಿದ್ದರು. ಆ ಸದ್ದು ಕೇಳಿದ ಮೇಲೆಯೇ ಮಗುವಿಗೆ ಹೆಸರು. ಅಲ್ಲಿಯತನಕ ಅದು ‘ನೆಂಟರು’. ನೆಂಟರು ಎದ್ದರಾ, ನೆಂಟರಿಗೆ ಹೊಟ್ಟೆ ತುಂಬಿತಾ, ನೆಂಟರು ಬಟ್ಟೆ ಒದ್ದೆ ಮಾಡಿಕೊಂಡರಾ ಎಂದು ಮನೆಯವರು ನಗುತ್ತಾ ಕೇಳುತ್ತಿದ್ದರು.

ನಗು ಎಷ್ಟು ದಿನ ಎಂದರೆ, ಮೊದಲ ಹಲ್ಲು ಬರುವವರೆಗೆ. ಹಲ್ಲು ಬಂದರೂ ಕೋವಿ ಮಾತಾಡದೆ ಹೋದರೆ ಆ ಮಗು ಬದುಕಿಡೀ ನೆಂಟರಾಗಿಯೇ ಉಳಿಯುತ್ತಿತ್ತು. ಅದಕ್ಕೂ ಊಟ ಹಾಕುತ್ತಿದ್ದರು, ಅದನ್ನೂ ಮುದ್ದಿಸುತ್ತಿದ್ದರು. ಆದರೆ ಕಾಲು ಬಲಿತ ಮೇಲೆ ಒಂದು ದಿನ ಅದು ತಾನಾಗಿಯೇ ಎದ್ದು ಹೊಳೆ ದಾಟಿ ಹೋಗಿಬಿಡುತ್ತಿತ್ತು. ಯಾರೂ ಹೋಗೆನ್ನುತ್ತಿರಲಿಲ್ಲ. ನೆಂಟರಲ್ಲವೇ, ಹೊರಡುತ್ತಿದ್ದರು. ತಿರುಗಿ ಬಂದವರಿಲ್ಲ.

ಕೋವಿ ಮಾತಾಡದೆ ಹೋಗುವುದೂ ಇತ್ತು. ಅದರ ಒಡೆಯನೋ ಒಡತಿಯೋ ತೀರಿಕೊಂಡ ಗಳಿಗೆಯಲ್ಲೇ ಕೋವಿಯೂ ಮೂಕವಾಗುತ್ತಿತ್ತು. ಎಷ್ಟೇ ಒಣಗಿದ ಮದ್ದು ತುಂಬಿದರೂ, ಹಾರಿಸುವ ಕೀಲಾದ ಕುದುರೆಯನ್ನು ಎಳೆದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಅದಕ್ಕೆ ಮತ್ತೆ ಬಾಯಿ ಬರಬೇಕಾದರೆ ಹಿಡಿಯ ಮರದ ಮೇಲೆ ಹೋದವರ ಒಂದು ಗುರುತು ಕೆತ್ತಬೇಕು. ಒಂದೇ ಒಂದು. ಅದು ನಿಜವಾಗಿರಬೇಕು. ಹೊಗಳಿಕೆಗೆ ಕೋವಿ ಬಾಯಿ ಬಿಡುತ್ತಿರಲಿಲ್ಲ. ಮೂರು ಸಲ ಟಕ್ ಎಂದ ಕೋವಿಯನ್ನು ಗುಡ್ಡದ ಬುಡದಲ್ಲಿದ್ದ ಮೂಕಮನೆಗೆ ಕೊಟ್ಟುಬಿಡಬೇಕು. ಅಲ್ಲೊಬ್ಬಳು ಅಜ್ಜಿ ಅವಕ್ಕೆಲ್ಲ ದಿನಾ ಎಣ್ಣೆ ಒರೆಸುತ್ತಿದ್ದಳು, ಆಡದ ಮಕ್ಕಳ ತಲೆಗೆ ಎಣ್ಣೆ ಹಚ್ಚುವ ಹಾಗೆ.

ಗುರುತು ಕೆತ್ತುವವನು ಊರಿಗೆ ಒಬ್ಬನೇ. ಮೂವತ್ತು ವರ್ಷದಿಂದ ಕೆತ್ತಿದ್ದ, ಒಂದು ಸಲವೂ ತಪ್ಪಿರಲಿಲ್ಲ. ಮಾತು ಕಡಿಮೆ. ಬಂದವರನ್ನು ಅಂಗಳದ ಚಾಪೆಯ ಮೇಲೆ ಕೂರಿಸಿ ತಾನು ಮಣೆಯ ಮೇಲೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ:

‘‘ಮಾಡಲು ಕೆಲಸವಿಲ್ಲದಾಗ ಅವರ ಕೈ ಏನು ಮಾಡುತ್ತಿತ್ತು?’’

ದೋಣಿಯವನು ತನ್ನ ಅಪ್ಪನ ಕೋವಿ ತಂದಾಗ ಅದರ ಮೇಲೆ ಗರುಡ ಬೇಕೆಂದಿದ್ದ, ರೆಕ್ಕೆ ಬಿಚ್ಚಿದ ಗರುಡ. ಕೆತ್ತನೆಗಾರ ಪ್ರಶ್ನೆ ಕೇಳಿ ಸುಮ್ಮನೆ ಕೂತ. ದೋಣಿಯವನು ಮಧ್ಯಾಹ್ನದವರೆಗೆ ಗರುಡ ಗರುಡ ಎಂದು ಹಟ ಹಿಡಿದು, ಕೊನೆಗೆ ತಲೆ ತಗ್ಗಿಸಿ, ‘‘ಕಡಲೆಕಾಯಿ ಸುಲಿಯುತ್ತಿದ್ದ ಕಣಣ್ಣ. ತಿನ್ನುತ್ತಿರಲಿಲ್ಲ. ಸುಲಿದು ಸುಲಿದು ದೋಣಿಯಲ್ಲಿ ಕೂತ ಮಕ್ಕಳ ಮಡಿಲಿಗೆ ಹಾಕುತ್ತಿದ್ದ’’ ಎಂದ. ಕೆತ್ತನೆಗಾರ ಅರ್ಧ ಬಿರಿದ ಒಂದು ಕಡಲೆಕಾಯಿ ಕೆತ್ತಿ ಅಂಚಿಗೆ ಹಿತ್ತಾಳೆ ತಂತಿ ಕೂರಿಸಿದ. ಆ ಕೋವಿ ಎಂಥಾ ಸದ್ದು ಮಾಡಿತೆಂದರೆ ಗುಡ್ಡದ ಹದ್ದುಗಳೆಲ್ಲ ಎದ್ದು ಮೂರು ದಿನ ಕೆಳಗಿಳಿಯಲಿಲ್ಲ.

ಹೀಗೆ ಊರಿನ ಗೋಡೆಗಳ ಮೇಲೆಲ್ಲ ಅವನ ಕೈಯಿತ್ತು. ಬಾವಿ ತೋಡುವವನ ಕೋವಿಯ ಮೇಲೆ ಕಿವಿ, ಅವನ ಅಪ್ಪ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದನಲ್ಲ. ಮಾತು ಮಾತಿಗೂ ಅಳುತ್ತಿದ್ದ ದೊಡ್ಡಮ್ಮನ ಕೋವಿಯ ಮೇಲೆ ಸೆರಗಿನ ತುದಿಯ ಗಂಟು. ಜನ ತಮ್ಮ ಕೋವಿ ಇಳಿಸಿ ಗುರುತು ಸವರಿ, ಹೋದವರ ಜೊತೆ ಎರಡು ಮಾತಾಡಿ ಮತ್ತೆ ಗೂಟಕ್ಕೆ ಹಾಕುತ್ತಿದ್ದರು.

ಹೀಗಿರುವಾಗ ಕೆತ್ತನೆಗಾರನ ಹೆಂಡತಿ ತೀರಿಕೊಂಡಳು.

ಮನೆ ಅವಳದು, ಕೋವಿಯೂ ಅವಳದು. ಅವಳ ಅವ್ವ ಬದುಕಿದ್ದಾಗಲೇ ಅವಳಿಗೆ ಕೊಟ್ಟದ್ದು. ಕೆತ್ತನೆಗಾರ ಆ ಮನೆಗೆ ಅಳಿಯನಾಗಿ ಬಂದು ಉಳಿದವನು. ಅವಳು ಹೋದಾಗ ಮಗಳು ಏಳು ತಿಂಗಳ ಬಸುರಿ. ಎರಡು ತಿಂಗಳ ಮೇಲೆ ಹೆಣ್ಣು ಮಗು ಹುಟ್ಟಿತು. ಗೂಟದ ಮೇಲೆ ಮೂಕ ಕೋವಿ, ತೊಟ್ಟಿಲಲ್ಲಿ ನೆಂಟರು.

‘‘ಅವಸರವೇನಿಲ್ಲ ಅಪ್ಪಾ’’ ಎಂದಳು ಮಗಳು. ‘‘ನೀನು ತಪ್ಪುವವನಲ್ಲ.’’

ಕೆತ್ತನೆಗಾರನೂ ಹಾಗೆಯೇ ಅಂದುಕೊಂಡಿದ್ದ. ಮೂವತ್ತು ವರ್ಷ ಪಕ್ಕದಲ್ಲಿ ಇದ್ದವಳು. ಇವಳ ಬಗ್ಗೆ ಯಾರನ್ನು ಏನು ಕೇಳುವುದು? ಯಾರನ್ನೂ ಕೇಳದೆ, ಮಗು ಮೂರು ತಿಂಗಳದ್ದಾದಾಗ, ಬೀಟೆ ಮರದ ಹಿಡಿಯ ಮೇಲೆ ಒಂದು ನವಿಲು ಕೆತ್ತಿದ. ಮದುವೆಯ ದಿನ ಅವಳು ನವಿಲುಬಣ್ಣದ ಸೀರೆ ಉಟ್ಟು ಬಾಗಿಲಲ್ಲಿ ನಿಂತದ್ದನ್ನು ಅವನ ಕಣ್ಣು ಬಿಟ್ಟುಕೊಟ್ಟಿರಲಿಲ್ಲ. ಅಷ್ಟು ಚಂದದ ನವಿಲನ್ನು ಅವನು ಯಾರಿಗೂ ಕೆತ್ತಿಕೊಟ್ಟಿರಲಿಲ್ಲ.

ಮೂಕಮನೆಯ ಅಜ್ಜಿ ಬಂದಳು. ಯಾವ ಮನೆಯಲ್ಲಿ ಕೋವಿ ಹಾರಿಸಿದರೂ ಅವಳು ಬರಬೇಕು. ಮಗು ಎತ್ತಿಕೊಂಡವರನ್ನು ‘‘ಹಲ್ಲು ಬಂದಿದೆಯೇ?’’ ಎಂದು ಕೇಳಬೇಕು. ಅವರು ‘‘ಬಂದಿಲ್ಲ’’ ಎನ್ನಬೇಕು. ಕೇಳಿದಳು, ಅಂದರು. ಮಗಳು ಕೋವಿಯನ್ನು ಆಕಾಶಕ್ಕೆ ಎತ್ತಿ ಕುದುರೆ ಎಳೆದಳು.

ಟಕ್.

ಅಂಗಳದಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟು ಮರ್ಯಾದೆ ಅವರಿಗಿತ್ತು.

ಕೆತ್ತನೆಗಾರ ನವಿಲನ್ನು ಅರ ಹಾಕಿ ಉಜ್ಜಿ ತೆಗೆದ. ಈ ಸಲ ಊರನ್ನು ಕೇಳಿದ. ಬಂದವರೆಲ್ಲ ಒಂದೊಂದು ಹೇಳಿದರು.

‘‘ಅಕ್ಕ ಬಡಿಸಿದರೆ ಎಲೆ ಖಾಲಿಯಾಗಲು ಬಿಡುತ್ತಿರಲಿಲ್ಲ’’ ಎಂದ ದೋಣಿಯವನು. ‘‘ಒಂದು ಸಲ ಸಾಕು ಸಾಕು ಅಂತ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ಹಾಕಿದಳು ಸಾರನ್ನ!’’

‘‘ನಿನ್ನ ಕೈ ಅಷ್ಟು ಕೊಳಕಾಗಿರುತ್ತೆ, ತೊಳೆಯಲಿ ಅಂತ ಹಾಕಿರಬೇಕು’’ ಎಂದಳು ಸುಣ್ಣದವಳು. ಅವಳ ಮನೆ ಪಕ್ಕದಲ್ಲೇ. ಮನೆಮನೆಗೆ ಸುಣ್ಣ ಮಾರುವುದು ಅವಳ ಕಸುಬು, ಎಲ್ಲರ ಹುಳುಕು ಅವಳ ಬಾಯಲ್ಲಿ. ‘‘ನನಗೂ ಹೊಟ್ಟೆ ತುಂಬ ಹಾಕಿದ್ದಾಳೆ ಕಣಣ್ಣ, ಸುಳ್ಳು ಯಾಕೆ ಹೇಳಲಿ.’’

ಎಲ್ಲರೂ ಅದನ್ನೇ ಹೇಳಿದರು. ಕೆತ್ತನೆಗಾರ ಒಂದು ಸೌಟು ಕೆತ್ತಿದ. ಅಜ್ಜಿ ಬಂದಳು, ಕೇಳಿದಳು, ಅಂದರು. ಮಗಳು ಕುದುರೆ ಎಳೆದಳು.

ಟಕ್.

ಈ ಸಲ ಜನ ಬೇಗ ಚದುರಿದರು. ಮಗಳು ಕೋವಿಯನ್ನು ಅಪ್ಪನ ಮುಂದೆ ಇಟ್ಟಳು.

‘‘ನವಿಲು ಕೆತ್ತಿದೆ, ಅದು ನಿನ್ನ ಕಣ್ಣು. ಸೌಟು ಕೆತ್ತಿದೆ, ಅದು ನಿಮ್ಮೆಲ್ಲರ ಹೊಟ್ಟೆ. ಅವ್ವ ಎಲ್ಲಿದ್ದಾಳೆ ಅಪ್ಪಾ ಇದರಲ್ಲಿ?’’

ಅವನು ಸೌಟನ್ನು ಉಜ್ಜಿ ತೆಗೆದ. ಉಳಿದದ್ದು ಒಂದೇ ಸಲ.

ವಾರಗಳು ಕಳೆದವು. ಮಗಳು ದಿನಾ ಬೆಳಿಗ್ಗೆ ಮಗುವಿನ ಒಸಡಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಬೆರಳು ಅಲ್ಲಿಯೇ ನಿಂತಿತು. ಚರ್ಮದ ಕೆಳಗೆ ಅಕ್ಕಿನುಚ್ಚಿನಷ್ಟು ಗಟ್ಟಿ. ಅವಳು ಮಗುವನ್ನು ತೊಟ್ಟಿಲಿಗೆ ಹಾಕಿ ನೇರ ಅಂಗಳಕ್ಕೆ ಬಂದಳು. ಅಪ್ಪನನ್ನು ಮಣೆಯಿಂದ ಏಳಿಸಿ ಚಾಪೆಯ ಮೇಲೆ ಕೂರಿಸಿದಳು. ತಾನು ಮಣೆಯ ಮೇಲೆ ಕೂತಳು.

‘‘ಮಾಡಲು ಕೆಲಸವಿಲ್ಲದಾಗ ಅವರ ಕೈ ಏನು ಮಾಡುತ್ತಿತ್ತು?’’

‘‘ಏನೇ ಇದು...’’

‘‘ಕೇಳಿದ್ದಕ್ಕೆ ಹೇಳಿ.’’

ಮಗಳು ಅಪ್ಪನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಚಾಪೆಯ ಮೇಲೆ ಕೂತವರನ್ನು ಅವನೂ ಹಾಗೆಯೇ ಮಾತಾಡಿಸುತ್ತಿದ್ದ.

‘‘ಅವಳ ಕೈಗೆ ಬಿಡುವೆಲ್ಲಿತ್ತು’’ ಎಂದ.

‘‘ಎಲ್ಲರೂ ಹಾಗೇ ಹೇಳುತ್ತಾರೆ. ಹಾಗೆ ಹೇಳಿದವರಿಗೆ ನೀವು ಏನು ಹೇಳುತ್ತೀರಿ?’’

‘‘ನೆನಪಾಗುವವರೆಗೆ ಕೂತಿರಿ ಅನ್ನುತ್ತೇನೆ.’’

‘‘ಕೂತಿರಿ.’’

ಅವನು ಕೂತ. ಈ ಚಾಪೆ ಇಷ್ಟು ಚುಚ್ಚುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬಿಸಿಲು ಅಂಗಳದ ಆ ಕಡೆಯಿಂದ ಈ ಕಡೆಗೆ ಬಂತು. ಅವನು ನೆನೆಯಲು ಹೋದಾಗಲೆಲ್ಲ ಅವನಿಗೆ ಕಾಣುತ್ತಿದ್ದದ್ದು ತಾನು. ತಾನು ಉಳಿ ಹಿಡಿದದ್ದು, ತಾನು ತಂತಿ ಬಗ್ಗಿಸಿದ್ದು. ಅವಳು ಎಲ್ಲೋ ಪಕ್ಕದಲ್ಲಿ, ಕಣ್ಣಿನ ಅಂಚಿನಲ್ಲಿ.

‘‘ಮಧ್ಯಾಹ್ನ ಊಟವಾದ ಮೇಲೆ ಬಂದು ಈ ಹೊಸ್ತಿಲ ಮೇಲೆ ಕೂರುತ್ತಿದ್ದಳು’’ ಎಂದ ಕೊನೆಗೆ.

‘‘ಕೂತು?’’

‘‘ನಾನು ಕೆತ್ತುತ್ತಿದ್ದ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು.’’

‘‘ಇಟ್ಟುಕೊಂಡು?’’

‘‘ನಾನು ಮಜ್ಜಿಗೆ ಕುಡಿಯುತ್ತಿದ್ದೆ’’ ಎಂದ ಕೆತ್ತನೆಗಾರ. ‘‘ನೋಡಲಿಲ್ಲ.’’

ಅಷ್ಟರಲ್ಲಿ ಬೇಲಿಯಾಚೆಯಿಂದ ದೋಣಿಯವನು ಕೂಗಿದ. ಕಡಲೆಕಾಯಿಯ ಸುತ್ತಲಿನ ತಂತಿ ಸಡಿಲವಾಗಿದೆ, ಸ್ವಲ್ಪ ನೋಡಿಕೊಡು ಎಂದು ಕೋವಿ ಹಿಡಿದು ಬಂದಿದ್ದ. ಕೆತ್ತನೆಗಾರ ಚಾಪೆಯ ಮೇಲೆ ಕೂತದ್ದು ನೋಡಿ, ‘‘ಏನಣ್ಣ, ನಿನಗೂ ಗಿರಾಕಿಯ ಪಾಡು ಬಂತಾ?’’ ಎಂದ.

ಚಾಪೆಯ ಮೇಲೆ ಕೂತವನಿಗೆ ನಿಂತವನ ಕೈ ಕಣ್ಣಿನ ಮಟ್ಟಕ್ಕೆ ಬರುತ್ತದೆ. ದೋಣಿಯವನು ಕೋವಿ ಹಿಡಿದಿದ್ದ ಕೈಯನ್ನು ಕೆತ್ತನೆಗಾರ ನೋಡಿದ. ಹೆಬ್ಬೆರಳು ಗುರುತಿನ ಕೆಳಗೆ, ಮರದೊಳಗೆ ಇಳಿದು ಕೂತಿತ್ತು. ಹಕ್ಕಿ ಗೂಡಿನಲ್ಲಿ ಕೂತ ಹಾಗೆ.

‘‘ಅದೇನದು?’’

‘‘ಯಾವುದು?’’

‘‘ನಿನ್ನ ಹೆಬ್ಬೆರಳ ಕೆಳಗೆ.’’

ದೋಣಿಯವನು ಬೆರಳೆತ್ತಿದ. ಮರದಲ್ಲಿ ಹುಣಿಸೆಬೀಜದಷ್ಟು ಅಗಲದ ಒಂದು ತಗ್ಗು. ಉಳಿಯ ಗೆರೆಯಿಲ್ಲ, ಅರದ ಗೀಚಿಲ್ಲ. ನೀರು ಸವೆಸಿದ ಕಲ್ಲಿನ ಹಾಗೆ ನುಣುಪು.

‘‘ಹೆಬ್ಬೆರಳಿನ ಜಾಗ’’ ಎಂದ ದೋಣಿಯವನು. ‘‘ನೀನೇ ಮಾಡಿದ್ದಲ್ಲವಾ? ಎಲ್ಲರ ಕೋವಿಯಲ್ಲೂ ಇದೆಯಲ್ಲ. ಗುರುತು ನೋಡಿದರೆ ಅಪ್ಪ ನೆನಪಾಗುತ್ತಾನೆ ನಿಜ, ಆದರೆ ಇಲ್ಲಿ ಬೆರಳಿಟ್ಟರೆ ಅಳು ನಿಲ್ಲುತ್ತದೆ. ಊರೆಲ್ಲ ನಿನ್ನನ್ನು ಹೊಗಳುವುದು ಇದಕ್ಕೇ ಅಲ್ಲವೇನಣ್ಣ?’’

ಕೆತ್ತನೆಗಾರ ಎದ್ದ. ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು ಬಾವಿ ತೋಡುವವನ ಮನೆಗೆ ಹೋಗಿ ಕೋವಿ ಇಳಿಸಿದ. ಕಿವಿಯ ಕೆಳಗೆ ಇತ್ತು. ದೊಡ್ಡಮ್ಮನ ಸೆರಗಿನ ಗಂಟಿನ ಕೆಳಗೆ ಇತ್ತು. ಸುಣ್ಣದವಳ ಕೋವಿಯಲ್ಲಿ ಇತ್ತು. ‘‘ಮೂವತ್ತು ವರ್ಷ ನಮ್ಮ ಬೆನ್ನು ತಟ್ಟಿದ್ದು ನಿನ್ನ ಕೈ ಅಂದುಕೊಂಡಿದ್ದೆವಲ್ಲಪ್ಪಾ’’ ಎಂದು ಅವಳು ಬಾಯಿಗೆ ಸೆರಗು ಹಿಡಿದಳು. ಅವನು ಮದುವೆಯಾಗಿ ಬರುವ ಮುಂಚಿನ ಹಳೆಯ ಕೋವಿಗಳಲ್ಲಿ ಮಾತ್ರ ಇರಲಿಲ್ಲ. ಇನ್ನೊಂದರಲ್ಲಿಯೂ ಇರಲಿಲ್ಲ, ಅವಳ ಸ್ವಂತದ್ದರಲ್ಲಿ. ಅವಳಿರುವವರೆಗೆ ಅದು ಕೆತ್ತನೆಗೆಂದು ಗೂಟ ಬಿಟ್ಟು ಅಂಗಳಕ್ಕೆ ಬಂದಿರಲಿಲ್ಲ, ಅವಳ ತೊಡೆಗೆ ಬಂದಿರಲಿಲ್ಲ.

ತಾನು ಕೆತ್ತಿದ ಒಂದೊಂದು ಗುರುತೂ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅದರಿಂದ ಎರಡು ಬೆರಳು ಕೆಳಗೆ ಅವನು ನೋಡಿರಲಿಲ್ಲ.

ಮನೆಗೆ ಬಂದವನೇ ಉಳಿ ತೆಗೆದುಕೊಂಡ. ಅಂಗಳದಲ್ಲಿ ಮೂಕಮನೆಯ ಅಜ್ಜಿ ಬಂದು ಕೂತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು.

‘‘ಉಳಿ ಹಚ್ಚಿದರೆ ಅದು ನಿನ್ನ ಕೆಲಸ ಆಗುತ್ತಪ್ಪಾ’’ ಎಂದಳು. ‘‘ಅವಳು ಉಳಿ ಮುಟ್ಟಿದವಳಾ?’’

ಅವನು ಉಳಿ ಕೆಳಗಿಟ್ಟ. ಹೆಬ್ಬೆರಳಿಗೆ ಒಂದು ತೊಟ್ಟು ಎಣ್ಣೆ ಹಚ್ಚಿಕೊಂಡು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದ.

ಬೀಟೆ ಮರ ಅದು, ಕಬ್ಬಿಣದ ತಮ್ಮ. ಒಂದು ದಿನ ಉಜ್ಜಿದ. ಮರಕ್ಕೆ ಹೊಳಪು ಬಂತು, ತಗ್ಗು ಬರಲಿಲ್ಲ. ಎರಡನೆಯ ದಿನ ಬೆರಳಿನಲ್ಲಿ ಬೊಕ್ಕೆ ಎದ್ದಿತು. ಮೂರನೆಯ ದಿನ ಒಡೆಯಿತು.

‘‘ಅವಳು ಹೇಗೆ ಮಾಡುತ್ತಿದ್ದಳೋ’’ ಎಂದ ಮಗಳ ಹತ್ತಿರ. ‘‘ಮಧ್ಯಾಹ್ನ ಒಂದು ಗಳಿಗೆ ಕೂರುತ್ತಿದ್ದಳು, ಅಷ್ಟೇ.’’

‘‘ಒಂದೊಂದು ಕೋವಿಯೂ ನಮ್ಮ ಮನೆಯಲ್ಲಿ ಎಷ್ಟು ದಿನ ಇರುತ್ತಿತ್ತು?’’

‘‘ಮೂರು ತಿಂಗಳು. ನಾಲ್ಕು. ತಂತಿ ಕೂರುವುದಿಲ್ಲವಲ್ಲ ಬೇಗ.’’

‘‘ನಿನ್ನ ತಂತಿ ಎರಡು ವಾರಕ್ಕೆ ಕೂರುತ್ತಿತ್ತು ಅಪ್ಪಾ. ಕೋವಿ ಕೊಟ್ಟು ಬರುತ್ತೇನೆ ಅಂತ ನೀನು ಹೊರಟಾಗಲೆಲ್ಲ ಅವ್ವ, ಇನ್ನೊಂದು ಸಲ ನೋಡಿ, ಇಲ್ಲೇನೋ ಸಡಿಲ ಇದ್ದ ಹಾಗಿದೆ ಅನ್ನುತ್ತಿದ್ದಳು. ನೀನು ಮತ್ತೆ ಬಿಚ್ಚಿ ಕಟ್ಟುತ್ತಿದ್ದೆ.’’

ಕೆತ್ತನೆಗಾರನಿಗೆ ಮೊದಲು ಸಿಟ್ಟು ಬಂತು. ಮೂವತ್ತು ವರ್ಷ ಸಡಿಲವಲ್ಲದ ತಂತಿ ಬಿಚ್ಚಿ ಕಟ್ಟಿದ್ದ ಸಿಟ್ಟು. ಆಮೇಲೆ ಆ ಸಿಟ್ಟು ಎಲ್ಲಿಗೆ ಹೋಯಿತೋ, ಅವನು ಬೆರಳು ಕಚ್ಚಿಕೊಂಡು ನಕ್ಕುಬಿಟ್ಟ. ಹೆಂಡತಿ ಹೋದ ಮೇಲೆ ಅದೇ ಮೊದಲು. ನಗು ನಿಂತಾಗ ತೊಟ್ಟಿಲಿನಲ್ಲಿ ಮಗು ಮುಷ್ಟಿ ಕಡಿಯುವ ಸದ್ದು ಕೇಳಿಸಿತು. ನಾಲ್ಕು ತಿಂಗಳು ಎಲ್ಲಿದೆ? ನಾಲ್ಕು ದಿನ ಇದ್ದರೆ ಹೆಚ್ಚು.

ಮಗಳು ಬೇಲಿಯಾಚೆ ನೋಡಿ ದೋಣಿಯವನನ್ನು ಕರೆದಳು. ಏನೆಂದು ಹೇಳಲಿಲ್ಲ. ಅವನ ಕೈಯಲ್ಲಿ ಅವ್ವನ ಕೋವಿ ಇಟ್ಟಳು.

ದೋಣಿಯವನ ಹೆಬ್ಬೆರಳು ತಾನಾಗಿಯೇ ಜಾಗ ಹುಡುಕಿತು. ಇಷ್ಟು ವರ್ಷ ಕೂತ ತಗ್ಗಿನ ಅಳತೆ ಅದಕ್ಕೆ ಗೊತ್ತಿತ್ತು. ಹುಟ್ಟು ಹಾಕಿ ಹಾಕಿ ಕಲ್ಲಾದ ಬೆರಳು. ಅವನು ಮರದ ಮೇಲೆ ಅದನ್ನು ಒತ್ತಿ ತಿರುಗಿಸಿದ. ‘‘ಸಾರನ್ನದ ಋಣ ಅಕ್ಕಾ’’ ಎಂದ ಕೋವಿಗೆ. ಅವನ ಬೆರಳು ಸೋತಾಗ ಬಾವಿ ತೋಡುವವನು ಕೂತ. ಆಮೇಲೆ ಸುಣ್ಣದವಳು.

‘‘ಆ ಸುಣ್ಣದ ಕೈಯಲ್ಲಿ ಮುಟ್ಟಬೇಡವೇ, ಮರ ಬೆಂದು ಹೋಗುತ್ತೆ’’ ಎಂದ ದೋಣಿಯವನು.

‘‘ಬೇಯಲಿ ಬಿಡು, ಬೇಗ ತಗ್ಗುತ್ತೆ. ನಿನ್ನ ಹಾಗೆ ಮೀನು ನಾರುವುದಕ್ಕಿಂತ ವಾಸಿ.’’

ಬೀದಿಯಲ್ಲಿ ಸಾಲು ಬೆಳೆಯಿತು. ಒಬ್ಬೊಬ್ಬರೂ ನೂರು ಸುತ್ತು ಉಜ್ಜಿ ಕೋವಿಯನ್ನು ಮುಂದಿನವರ ತೊಡೆಗೆ ದಾಟಿಸಿದರು. ತೋರಿಸಿಕೊಡಬೇಕಾದ್ದು ಏನೂ ಇರಲಿಲ್ಲ. ಅವಳು ಊರಿನ ಬೆರಳುಗಳಿಗೆಲ್ಲ ಅದನ್ನು ಮೊದಲೇ ಕಲಿಸಿಟ್ಟಿದ್ದಳು. ಸರದಿ ಬಂದಾಗಲೆಲ್ಲ ಕೆತ್ತನೆಗಾರನೂ ತನ್ನ ಒಡೆದ ಬೆರಳನ್ನು ಇಟ್ಟ. ಅವನ ಬೆರಳಿಗೆ ಮಾತ್ರ ಅಳತೆ ಗೊತ್ತಿರಲಿಲ್ಲ. ಬೇರೆಯವರು ಉಜ್ಜಿದ ಜಾಗವನ್ನು ಹಿಡಿದೇ ಅದು ಕಲಿಯಬೇಕಾಯಿತು.

ಊರು ಉಜ್ಜತೊಡಗಿದ ನಾಲ್ಕನೆಯ ದಿನ ಬೆಳಿಗ್ಗೆ, ಬಿಸಿಲು ಗುಡ್ಡದ ನೆತ್ತಿಗೆ ಬಂದಾಗ, ಮಗಳು ಕೋವಿ ಎತ್ತಿ ನೋಡಿದಳು. ಹಿಡಿಯ ಮರದ ಮೇಲೆ ಯಾವ ಚಿತ್ರವೂ ಇರಲಿಲ್ಲ. ಹುಣಿಸೆಬೀಜದಷ್ಟು ಅಗಲದ ಒಂದು ತಗ್ಗು ಇತ್ತು. ಅವಳು ಅದರಲ್ಲಿ ಬೆರಳಿಟ್ಟಳು, ಇಟ್ಟವಳು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಊರು ಅಂಗಳದಲ್ಲಿ ನೆರೆಯಿತು. ಮಗಳ ಗಂಡ ಮದ್ದು ತುಂಬಿಕೊಟ್ಟ. ಮಗುವನ್ನು ಅಜ್ಜನ ಕೈಗೆ ಕೊಟ್ಟರು. ಕೆತ್ತನೆಗಾರ ಮಗುವನ್ನು ಎದೆಗೊತ್ತಿ ನಿಂತ. ಮಗು ಅವನ ಹೆಬ್ಬೆರಳನ್ನು ಹಿಡಿದು, ಎಳೆದು, ಬಾಯಿಗೆ ಹಾಕಿಕೊಂಡಿತು.

ಚರ್ಮ ಹೋದ ಬೆರಳು. ಅದಕ್ಕೆ ಎಲ್ಲವೂ ಗೊತ್ತಾಗುತ್ತಿತ್ತು. ಬಿಸಿ ಗೊತ್ತಾಯಿತು, ಒದ್ದೆ ಗೊತ್ತಾಯಿತು. ಆಮೇಲೆ, ಕೆಳಗಿನ ಒಸಡಿನಲ್ಲಿ, ತೆಳ್ಳಗೆ, ಹರಿತವಾಗಿ ಒಂದು ಅಂಚು ಗೊತ್ತಾಯಿತು.

ಬಂದಿತ್ತು.

ಮಗಳು ಬೆಳಿಗ್ಗೆ ನೋಡಿದಾಗ ಇರಲಿಲ್ಲ. ಈಗ ಇತ್ತು. ಮೂಕಮನೆಯ ಅಜ್ಜಿ ಕೋಲೂರಿಕೊಂಡು ಅವನ ಎದುರು ಬಂದು ನಿಂತಳು.

‘‘ಹಲ್ಲು ಬಂದಿದೆಯೇ?’’

ಕೆತ್ತನೆಗಾರ ಬದುಕಿನಲ್ಲಿ ಸುಳ್ಳನ್ನು ಮರಕ್ಕೆ ತಂದವನಲ್ಲ, ಬಾಯಿಗೂ ತಂದವನಲ್ಲ. ಅವನು ಮಗಳ ಕಡೆ ನೋಡಿದ. ನಳಿಗೆಯನ್ನು ಆಕಾಶಕ್ಕೆ ಎತ್ತಿ, ಹೆಬ್ಬೆರಳನ್ನು ಅವ್ವನ ಜಾಗದಲ್ಲಿಟ್ಟು ನಿಂತಿದ್ದಳು. ಹೊಳೆ ನೋಡಿದ. ಹೊಳೆ ಸುಮ್ಮನೆ ಹರಿಯುತ್ತಿತ್ತು, ದಾಟುವವರಿಗೆ ಅಡ್ಡಿಯಿಲ್ಲ ಎಂಬ ಹಾಗೆ.

‘‘ಬಂದಿಲ್ಲ’’ ಎಂದ.

ನವಿಲನ್ನು ಒಪ್ಪದ ಕೋವಿ, ಸೌಟನ್ನು ಒಪ್ಪದ ಕೋವಿ. ಅಂಥದ್ದರ ಮುಂದೆ ನಿಂತು ತಾನು ಹೇಳಿದ್ದೇನು? ಇನ್ನೇನು ಟಕ್ ಎನ್ನುತ್ತದೆ ಎಂದು ಕಣ್ಣು ಮುಚ್ಚಿದ. ಮಗುವಿನ ಬಾಯೊಳಗೆ ಬೆರಳು ಉರಿಯುತ್ತಿತ್ತು. ಅವನು ತೆಗೆಯಲಿಲ್ಲ.

ಮಗಳು ಕುದುರೆ ಎಳೆದಳು.

ಕೋವಿ ಮಾತಾಡಿತು.

ಹದ್ದುಗಳೇನೂ ಏಳಲಿಲ್ಲ. ಅಷ್ಟು ದೊಡ್ಡ ಸದ್ದಲ್ಲ ಅದು. ತಗ್ಗಿದ ದನಿಯಲ್ಲಿ ಒಳಮನೆಯಿಂದ ಯಾರೋ ಕರೆದ ಹಾಗಿತ್ತು. ಆದರೆ ಆ ಹೊತ್ತಿಗೆ ಮನೆಮನೆಯ ಗೋಡೆಗಳ ಮೇಲೆ ಎಲ್ಲ ಕೋವಿಗಳೂ ಗೂಟದಲ್ಲೇ ಗುಂಯ್ ಎಂದವಂತೆ, ಓಗೊಟ್ಟ ಹಾಗೆ. ಮನೆಯಲ್ಲುಳಿದಿದ್ದ ಮುದುಕರು ಆಮೇಲೆ ಹೇಳಿದರು.

ಅಂಗಳದಲ್ಲಿ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಸುಣ್ಣದವಳು ದೋಣಿಯವನ ಹೆಗಲಿಗೆ ಮುಖವಿಟ್ಟು ಅತ್ತು, ಆಮೇಲೆ ಮೀನಿನ ವಾಸನೆ ಎಂದು ಅವನನ್ನೇ ತಳ್ಳಿದಳು. ಮಗಳು ಓಡಿಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಕೆತ್ತನೆಗಾರನಿಗೆ ಅದು ಕೇಳಿಸಿತು. ಅವನೂ ಒಂದು ಸಲ ಹೇಳಿ ನೋಡಿದ, ನಾಲಿಗೆಯ ತುದಿಯಲ್ಲಿ, ಅಭ್ಯಾಸಕ್ಕೆಂಬ ಹಾಗೆ.

ಮಗುವಿಗೆ ಆ ಸದ್ದು ಹಿಡಿಸಿತೋ, ಹೆಸರು ಹಿಡಿಸಿತೋ, ಅಜ್ಜನ ಬೆರಳನ್ನು ಬಿಟ್ಟು ಬಾಯಿ ಅಗಲಿಸಿ ನಕ್ಕಿತು.

ಮೂಕಮನೆಯ ಅಜ್ಜಿ ಇನ್ನೂ ಅಲ್ಲಿಯೇ ನಿಂತಿದ್ದಳು, ಒಂದು ಮೊಳದ ದೂರದಲ್ಲಿ. ಅವಳ ಕಣ್ಣು ಮಂಜಾಗಿರಲಿಲ್ಲ. ಮಗುವಿನ ಬಾಯನ್ನು ನೋಡಿದಳು, ಕೆತ್ತನೆಗಾರನ ಮುಖವನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಹತ್ತಿರ ಬಂದು, ಸೆರಗಿನ ತುದಿಯಿಂದ ಮಗುವಿನ ಜೊಲ್ಲು ಒರೆಸುವವಳ ಹಾಗೆ ಅದರ ಬಾಯನ್ನು ಮುಚ್ಚಿದಳು.

‘‘ಇವತ್ತೊಂದು ದಿನ’’ ಎಂದಳು ಅವನಿಗೆ ಮಾತ್ರ ಕೇಳುವ ಹಾಗೆ, ‘‘ಇವಳನ್ನು ನಗಿಸಬೇಡ.’’